ಮಕ್ಕಳ ಕಿವಿಗೆ ಬರೆದ ಪಂಜೆ

ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಶಿಕ್ಷಕರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ ದುಡಿಯುತ್ತಲೇ ಮಕ್ಕಳಿಗಾಗಿ ಬರೆದವರು. ‘ಕವಿಶಿಷ್ಯ’ ಎಂಬುದು ಅವರ ಕಾವ್ಯನಾಮ. ಪಾಠ ಒಪ್ಪಿಸುವ ಮಗುವಿನ ನಾಲಿಗೆ ಎಲ್ಲಿ ತೊಡರುತ್ತದೆ, ಎಲ್ಲಿ ಕುಣಿಯುತ್ತದೆ ಎಂಬುದನ್ನು ಹತ್ತಿರದಿಂದ ಬಲ್ಲವರ ಬರಹ ಅದು.

‘ನಾಗರಹಾವೆ’ ಪದ್ಯವನ್ನೇ ನೋಡಬಹುದು. ಪ್ರತಿ ನುಡಿಯೂ ಒಂದೇ ಅಕ್ಷರವನ್ನು ನಾಲ್ಕು ಸಲ ಹೇಳಿ ಮುಗಿಯುತ್ತದೆ. ಮೊದಲು ಹಾವನ್ನು ಕರೆಯುವ ದನಿ ಕೊನೆಗೆ ಅದನ್ನು ಸಾಗಹಾಕುತ್ತದೆ. ಭಯ, ಭಕ್ತಿ, ಕುತೂಹಲ ಮೂರೂ ಆ ಪುಟ್ಟ ಪದಗಳಲ್ಲೇ ಅಡಗಿವೆ. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟನ್ನು ಹಿಡಿದಿಟ್ಟ ಶಿಶುಗೀತೆ ಅಪರೂಪ.

ಕಥೆಯಲ್ಲೂ ಅದೇ ಹದ: ‘ಮೆಣಸಿನ ಕಾಳಪ್ಪ’ ಎಳೆಯರಿಗೆ, ತುಳು ಪಾಡ್ದನಗಳಿಂದ ಮೂಡಿದ ‘ಕೋಟಿ ಚೆನ್ನಯ’ ಬೆಳೆದ ಮಕ್ಕಳಿಗೆ. ಶಾಲಾ ಪಠ್ಯಗಳಿಗೂ ಅವರು ಬರೆದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.