ಐದು ನಿಮಿಷದ ಪೇಟ

ನವೆಂಬರ್ ಬಂತೆಂದರೆ ಲಂಡನ್ನಿನ ಹ್ಯಾರೋ ಕಡೆಯ ಕನ್ನಡ ಮನೆಗಳಲ್ಲಿ ಬೀರುವಿನ ಮೇಲಿನ ಡಬ್ಬಗಳು ಕೆಳಗಿಳಿಯುತ್ತವೆ. ಹೆಂಗಸರಿಗೆ ಇಳಕಲ್ ಸೀರೆಯೋ ಮೈಸೂರು ರೇಷ್ಮೆಯೋ ಇದೆ. ಗಂಡಸರ ಕನ್ನಡತನಕ್ಕೆ ಉಳಿದಿರುವುದು ಮೈಸೂರು ಪೇಟ. ರಾಜ್ಯೋತ್ಸವದ ವೇದಿಕೆಯಲ್ಲಿ ಅತಿಥಿಯ ತಲೆಗೂ ಅದೇ. ಒಳಗೆ ರಟ್ಟು, ಮೇಲೆ ಮೊದಲೇ ನೆರಿಗೆ ಹಿಡಿದು ಹೊಲಿದ ಬಟ್ಟೆ, ಹಣೆಗೆ ಜರಿಯಂಚು. ಒಬ್ಬರಿಗೆ ಕಿವಿ ಮುಚ್ಚುತ್ತದೆ, ಇನ್ನೊಬ್ಬರಿಗೆ ನೆತ್ತಿ ಬಿಟ್ಟು ಇಳಿಯುವುದೇ ಇಲ್ಲ. ಫೋಟೊ ಮುಗಿದರೆ ಟೀಪಾಯಿಯ ಮೇಲೆ.

ಹೀಗೆ ಐದು ನಿಮಿಷ ಬಾಳುವ ಉಡುಪು ಒಂದು ಸಂಸ್ಕೃತಿಯನ್ನು ಎಷ್ಟರಮಟ್ಟಿಗೆ ಹೇಳೀತು?

ಹವಾಯಿಯ ಅಲೋಹಾ ಅಂಗಿ ಇದಕ್ಕೆ ಒಳ್ಳೆಯ ಒರೆಗಲ್ಲು. ಹುಟ್ಟು ನೋಡಿದರೆ ಅದರಲ್ಲಿ ಮೂಲನಿವಾಸಿಗಳ ಪಾಲು ತೀರ ಕಡಿಮೆ. ಅವರದ್ದು ವೌಕೆ ಗಿಡದ ತೊಗಟೆಯನ್ನು ಬಡಿದು ಮಾಡುತ್ತಿದ್ದ ಕಾಪಾ ಬಟ್ಟೆ. ಅಂಗಿಯಾದರೋ 1930ರ ದಶಕದ ಹೊನೊಲುಲುವಿನಲ್ಲಿ ಜಪಾನಿ ದರ್ಜಿಗಳು ಕಿಮೊನೊ ಬಟ್ಟೆ ಕತ್ತರಿಸಿ ಹೊಲಿದದ್ದು. ಮೂಸಾ-ಶಿಯಾ ಅಂಗಡಿ 1935ರಲ್ಲಿ ಪತ್ರಿಕೆಗೆ ಜಾಹೀರಾತು ಕೊಟ್ಟಿತು. ಆಮೇಲೆ ಚೀನೀ ಮೂಲದ ವ್ಯಾಪಾರಿ ಎಲರಿ ಚುನ್ ‘ಅಲೋಹಾ’ ಎಂಬ ಆ ಹೆಸರನ್ನು ನೋಂದಾಯಿಸಿಕೊಂಡ. ಕೊಂಡವರಲ್ಲಿ ಪ್ರವಾಸಿಗರೇ ಬಹಳ. 1893ರಲ್ಲಿ ರಾಣಿ ಲಿಲಿಉಓಕಲಾನಿಯನ್ನು ಪಟ್ಟದಿಂದ ಇಳಿಸಿದ ನಾಡಿನಲ್ಲಿ, ಅಲ್ಲಿಯ ಜನರ ನಮಸ್ಕಾರದ ಮಾತೇ ಸರಕಿನ ಹೆಸರಾಯಿತು. ಕೋಪ ಬರಬೇಕಾದ ಕತೆಯೇ.

ಆದರೂ ಅಂಗಿ ಅಲ್ಲಿಗೇ ನಿಲ್ಲಲಿಲ್ಲ. 1960ರ ದಶಕದಲ್ಲಿ ಶುಕ್ರವಾರಗಳಂದು ಕಚೇರಿಗೆ ಬಂತು, ಆಮೇಲೆ ಮದುವೆಗೂ ಸಾವಿನ ಮನೆಗೂ. ಹಿಲೋ ಪಟ್ಟಣದಲ್ಲಿ 1985ರಲ್ಲಿ ಅಂಗಡಿ ತೆರೆದ ಸಿಗ್ ಜೇನ್, ಯಾವ ಊರಿನದೂ ಆಗಬಹುದಾದ ತೆಂಗಿನಮರ-ಸೂರ್ಯಾಸ್ತಗಳನ್ನು ಬಿಟ್ಟು ಕೆಸುವಿನ ಎಲೆ, ಓಹಿಯಾ ಲೆಹುವಾ ಹೂಗಳನ್ನು ಅಚ್ಚು ಹಾಕಿದರು. ಪತ್ನಿ ನಾಲಾನಿ ಕನಕಾಓಲೆ ಹುಲ ನೃತ್ಯದ ಗುರುವಾಗಿದ್ದರು. ಹುಲದ ಹಾಡುಗಳಲ್ಲಿ ಬರುವ ಗಿಡಗಳು ಹಾಗೆ ಅಂಗಿಗೆ ಬಂದವು. ಅಂಗಡಿಯವರ ಅಂಗಿ ನೆಲದವರದ್ದಾಗತೊಡಗಿದ್ದು ಇಲ್ಲಿ.

ಪೇಟದ್ದು ಉಲ್ಟಾ ಕತೆ. ಹುಟ್ಟು ಗಟ್ಟಿ, ಬಾಳು ತೆಳು. ಮೈಸೂರಿನ ದರ್ಬಾರಿಗೆ ಪೇಟವಿಲ್ಲದೆ ಹೋಗುವಂತಿರಲಿಲ್ಲ. ವಿಶ್ವೇಶ್ವರಯ್ಯನವರನ್ನು ಪೇಟವಿಲ್ಲದೆ ಊಹಿಸಿಕೊಳ್ಳುವುದೇ ಕಷ್ಟ. ಆದರೆ 1956ರಲ್ಲಿ ನಾಡು ಒಂದಾದ ಮೇಲೆ ಒಂದು ಆಸ್ಥಾನದ ಮುಂಡಾಸು ಎಲ್ಲರ ತಲೆಗೂ ಗುರುತಾಗಿ ಕೂತಿತು. ಧಾರವಾಡ, ಕಲಬುರಗಿಯ ರೈತ ಮೊಳಗಟ್ಟಲೆ ಬಟ್ಟೆ ಸುತ್ತಿ ಕಟ್ಟುವ ರುಮಾಲಿಗೆ ಆ ಭಾಗ್ಯ ಬರಲಿಲ್ಲ. ತುಳುನಾಡಿನ ಮುಟ್ಟಾಳೆಗೂ ಇಲ್ಲ. ಅಡಿಕೆ ಹಾಳೆಯನ್ನು ನೆನೆಸಿ, ಮಡಚಿ, ಹೊಲಿದರೆ ಮುಟ್ಟಾಳೆ. ಬಿಸಿಲಿಗೂ ಆಯಿತು, ತಲೆಹೊರೆಗೂ ಆಯಿತು. ಈಚೆಗೆ ತುಳು ಸಮಾರಂಭಗಳಲ್ಲಿ ಅದೂ ಸನ್ಮಾನದ ಸಾಮಾನಾಗಿದೆ, ಪಾಪ.

ದಿನವೂ ಬಾಳುವ ತಲೆಯುಡುಪು ಹ್ಯಾರೋದಲ್ಲೇ ಇದೆ. ಗುಡ್ಡದ ಮೇಲಿನ ಹಳೆಯ ಶಾಲೆಯ ಹುಡುಗರು ಚಪ್ಪಟೆ ಹುಲ್ಲಿನ ಟೋಪಿಯಿಟ್ಟು ಇಂದಿಗೂ ತರಗತಿಗೆ ಹೋಗುತ್ತಾರೆ. 1905ರಲ್ಲಿ ಆ ಶಾಲೆ ಸೇರಿದ ಜವಾಹರಲಾಲ್ ನೆಹರೂ ಮುಂದೆ ಖಾದಿ ಟೋಪಿಗೆ ಬಂದರು. ಹುಲ್ಲಿನ ಟೋಪಿ ಸಿರಿವಂತರ ಗತ್ತಿನದ್ದು ಎಂಬ ಟೀಕೆ ನ್ಯಾಯವಾದದ್ದೇ. ಆದರೆ ಅದು ಮಾಮೂಲಿ ಮಂಗಳವಾರವೂ ತಲೆಯ ಮೇಲಿರುತ್ತದೆ.

ಹಾಗೆ ಮಾಮೂಲಿ ದಿನವೂ ತೊಡಲು ಲಂಡನ್ನಿನ ಕನ್ನಡ ಗಂಡಸರಿಗೆ ಪೇಟಕ್ಕಿಂತ ಗುಳೇದಗುಡ್ಡದ ಖಣವೇ ಮೇಲು. ಕೈಮಗ್ಗದ ಆ ಕುಪ್ಪಸದ ಬಟ್ಟೆಯಲ್ಲಿ ಅಂಗಿ, ಜುಬ್ಬಾ ಹೊಲಿಸುವವರು ಊರಿನಲ್ಲಿ ಈಗಾಗಲೇ ಇದ್ದಾರೆ. ಪನ್ನ ಕಿರಿದಾದ್ದರಿಂದ ದರ್ಜಿ ಬೆನ್ನಿಗೊಂದು ಜೋಡು ಹಾಕಬೇಕಾದೀತು, ಅಷ್ಟೆ.