ಬಿಗ್ ಸ್ಟಾರ್ ವೃಂದದ ಕೀರ್ತಿವಿಚಾರ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಟೆನೆಸೀ ಪ್ರಾಂತದ ಮೆಂಫಿಸ್ ನಗರದಲ್ಲಿ ೧೯೭೧ನೆಯ ಇಸವಿಯಲ್ಲಿ ಕೂಡಿಕೊಂಡು ನಾಲ್ಕು ವರ್ಷಗಳೊಳಗೆ ಚೆದರಿಹೋದ 'ಬಿಗ್ ಸ್ಟಾರ್' ಎಂಬ ರಾಕ್ ವಾದ್ಯವೃಂದದ ವಿಷಯವಾಗಿ ಈಚಿನ ದಶಕಗಳಲ್ಲಿ ಗ್ರಂಥಗಳೂ ಲೇಖನಗಳೂ ಒಂದು ಚಲಚ್ಚಿತ್ರವೂ ಹೊರಬಂದಿವೆ. ವೃಂದವು ಬಾಳಿದ್ದ ಕಾಲದಲ್ಲಿ ಅದಕ್ಕೆ ದೊರೆತ ಶ್ರೋತೃಗಳು ಬಹು ಸ್ವಲ್ಪ. ಆ ಬಳಿಕ ದೊರೆತ ಪ್ರಶಂಸೆಯಾದರೋ ಅಪಾರ. ಈ ವ್ಯತ್ಯಾಸವನ್ನು ವಿವರಿಸುವುದಕ್ಕಾಗಿ ಒಂದು ಕಥೆ ಹುಟ್ಟಿಕೊಂಡಿದೆ. ಕಾಲಕ್ಕಿಂತ ಮುಂದಿದ್ದ ಕಲಾವಿದರನ್ನು ಲೋಕವು ಅರಿಯದೆ ತಿರಸ್ಕರಿಸಿತೆಂದೂ, ಆ ತಿರಸ್ಕಾರದ ನೋವಿನಿಂದಲೇ ಅವರ ಗಾನವು ಭಗ್ನವಾಗಿ, ಆ ಭಗ್ನತೆಯಿಂದಲೇ ಮಹತ್ತಾಯಿತೆಂದೂ ಆ ಕಥೆಯ ಸಾರಾಂಶ. ಕೇಳುವುದಕ್ಕೆ ಇದು ಇಂಪಾಗಿದೆ. ಆದರೆ ಇದರ ಪೂರ್ವಾರ್ಧವು ನಡೆದ ಸಂಗತಿಗಳಿಗೆ ವಿರುದ್ಧವಾದುದು. ಉತ್ತರಾರ್ಧವು ವಿಮರ್ಶೆಯನ್ನು ದಾರಿತಪ್ಪಿಸತಕ್ಕದ್ದು.

ವೃಂದದಲ್ಲಿದ್ದವರು ನಾಲ್ವರು: ಕ್ರಿಸ್ ಬೆಲ್, ಅಲೆಕ್ಸ್ ಚಿಲ್ಟನ್, ಆಂಡಿ ಹಮ್ಮೆಲ್, ಜೋಡಿ ಸ್ಟೀಫನ್ಸ್. ಇವರಲ್ಲಿ ಚಿಲ್ಟನ್ ಒಬ್ಬನಿಗೆ ಮಾತ್ರ ಮೊದಲೇ ಹೆಸರು ಬಂದಿತ್ತು. ಅವನು ಹದಿನಾರರ ಹರೆಯದಲ್ಲಿ 'ಬಾಕ್ಸ್ ಟಾಪ್ಸ್' ಎಂಬ ವೃಂದಕ್ಕಾಗಿ ಹಾಡಿದ 'ದಿ ಲೆಟರ್' ಎಂಬ ಗೀತವು ೧೯೬೭ರಲ್ಲಿ ನಾಲ್ಕು ವಾರಗಳ ಕಾಲ ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಅಗ್ರಸ್ಥಾನದಲ್ಲಿದ್ದಿತು. ಉಳಿದ ಮೂವರೂ ಊರಿನ ಹುಡುಗರು. ಅದಕ್ಕೆ ಮುಂಚಿನಿಂದಲೇ ಕೂಡಿ ನುಡಿಸುತ್ತಿದ್ದವರು. ಇವರಿಗೆ ಆಶ್ರಯವಾದುದು ಜಾನ್ ಫ್ರೈ ಎಂಬುವನು ನಡೆಸುತ್ತಿದ್ದ 'ಆರ್ಡೆಂಟ್' ಧ್ವನಿಮುದ್ರಣಶಾಲೆ. ಫ್ರೈ ಈ ತರುಣರಿಗೆ ಮುದ್ರಣಯಂತ್ರಗಳ ವಿದ್ಯೆಯನ್ನು ತಾನೇ ಕಲಿಸಿ, ಇತರರ ಕೆಲಸವಿಲ್ಲದ ರಾತ್ರಿಯ ಹೊತ್ತಿನಲ್ಲಿ ಶಾಲೆಯನ್ನು ಅವರ ಕೈಗೆ ಬಿಟ್ಟುಕೊಡುತ್ತಿದ್ದನು. ವೃಂದದ ಹೆಸರೂ ಸಮೀಪದಲ್ಲಿದ್ದ ಒಂದು ದಿನಸಿ ಅಂಗಡಿಯ ಫಲಕದಿಂದ ಬಂದುದು. ಇವರ ಚರಿತ್ರೆಯನ್ನು ಬರೆಯುವವರು ಈ ಹೆಸರಿನ ವ್ಯಂಗ್ಯದ ಮೇಲೆ ಪುಟಗಟ್ಟಲೆ ಬರೆಯುತ್ತಾರೆ. ಫ್ರೈ ಕಲಿಸಿದ ವಿದ್ಯೆಯ ವಿಷಯಕ್ಕೆ ಬಂದಾಗ ಎರಡು ವಾಕ್ಯಗಳಲ್ಲಿ ಮುಗಿಸುತ್ತಾರೆ. ಆದರೆ ಈ ಗಾನದ ಗುಣಕ್ಕೆ ಮೂಲವಿರುವುದು ಅಲ್ಲಿಯೇ.

'ನಂಬರ್ ಒನ್ ರೆಕಾರ್ಡ್' ಎಂಬ ಮೊದಲ ಸಂಕಲನವು ೧೯೭೨ರಲ್ಲಿ ಹೊರಟಿತು. ಇದರಲ್ಲಿ ಬೀಟಲ್ಸ್, ಬರ್ಡ್ಸ್, ಕಿಂಕ್ಸ್ ಮೊದಲಾದ ೧೯೬೦ರ ದಶಕದ ವೃಂದಗಳ ಪ್ರಭಾವವು ಸ್ಪಷ್ಟವಾಗಿದೆ. ಅದನ್ನು ಮರೆಮಾಚುವ ಯತ್ನವೂ ಇಲ್ಲ. ವಿಶೇಷವಿರುವುದು ಹೊಸತನದಲ್ಲಲ್ಲ, ಕೆಲಸದ ನಯದಲ್ಲಿ. ವಿದ್ಯುತ್ತಿನ ಗಿಟಾರಿನ ತೀಕ್ಷ್ಣವಾದ ನಾದಕ್ಕೆ ಸಾಮಾನ್ಯ ಗಿಟಾರಿನ ಮೆಲುನಾದವನ್ನು ಪದರಪದರವಾಗಿ ಹೊಂದಿಸಿ, ಅದರ ಮೇಲೆ ಎರಡು ಮೂರು ಕಂಠಗಳನ್ನು ಕೂಡಿಸಿ, ಇಷ್ಟಾದರೂ ಒಂದೊಂದು ತಂತಿಯೂ ಬೇರೆಬೇರೆಯಾಗಿ ಕಿವಿಗೆ ತಾಕುವಂತೆ ಮಾಡಿದ್ದಾರೆ. ಈ ಪರಿಷ್ಕಾರದಲ್ಲಿ ಬೆಲ್ಲನ ಪಾಲು ಎಲ್ಲರಿಗಿಂತ ಹೆಚ್ಚಿನದೆಂಬುದಕ್ಕೆ ಅವನ ಸಂಗಡಿಗರ ಸಾಕ್ಷ್ಯವೇ ಇದೆ. 'ಫೀಲ್', 'ಇನ್ ದಿ ಸ್ಟ್ರೀಟ್' ಎಂಬ ಗೀತಗಳಲ್ಲಿ ಹಾಡಿರುವವನೂ ಅವನೇ. ಚಿಲ್ಟನ್ನನ 'ಥರ್ಟೀನ್' ಎಂಬುದು ಬಾಲ್ಯವು ಮುಗಿದು ತಾರುಣ್ಯವು ಇನ್ನೂ ಬಾರದ ವಯಸ್ಸಿನ ಸಂಕೋಚವನ್ನು ಅತ್ಯಲ್ಪ ಸಾಮಗ್ರಿಯಿಂದ ಚಿತ್ರಿಸುವ ಗೀತ. ಇಡೀ ಸಂಕಲನದಲ್ಲಿ ಇದಕ್ಕೆ ಸಮನಾದುದು ಮತ್ತೊಂದಿಲ್ಲ. ಹಮ್ಮೆಲ್ಲನ 'ದಿ ಇಂಡಿಯಾ ಸಾಂಗ್' ಎಂಬುದನ್ನೂ ಇಲ್ಲಿಯೇ ಹೆಸರಿಸಬಹುದು. ಹೆಸರಿನಲ್ಲಿ ಹಿಂದೂದೇಶವಿದೆ. ಮೆಂಫಿಸ್ಸಿನ ಹುಡುಗನೊಬ್ಬನು ದೂರದ ಸುಖಜೀವನವನ್ನು ಕುರಿತು ಕಂಡ ಹಗಲುಗನಸು ಅದು. ನಿರಪಾಯವಾದ ಗೀತ, ಅಷ್ಟೇ.

ಇನ್ನು ಲೋಕದ ತಿರಸ್ಕಾರವೆಂಬ ಮಾತನ್ನು ಪರೀಕ್ಷಿಸಬೇಕು. ಆರ್ಡೆಂಟ್ ಮುದ್ರಿಕೆಗಳನ್ನು ಅಂಗಡಿಗಳಿಗೆ ಮುಟ್ಟಿಸುವ ಹೊಣೆಯು ಅದೇ ಊರಿನ 'ಸ್ಟ್ಯಾಕ್ಸ್' ಸಂಸ್ಥೆಯದಾಗಿದ್ದಿತು. ಸ್ಟ್ಯಾಕ್ಸ್ ಕರಿಯ ಜನರ 'ಸೋಲ್' ಸಂಗೀತದಲ್ಲಿ ಹೆಸರಾಂತ ಸಂಸ್ಥೆ. ಆ ಸಂಗೀತದ ವ್ಯಾಪಾರಿಗಳೂ ರೇಡಿಯೋ ನಿಲಯಗಳೂ ಅದಕ್ಕೆ ಆಪ್ತವಾಗಿದ್ದುವು. ಬಿಳಿಯ ತರುಣರ ಗಿಟಾರ್ ಗೀತಗಳನ್ನು ಯಾವ ಅಂಗಡಿಯಲ್ಲಿ ಇಡಬೇಕೆಂಬುದು ಅದಕ್ಕೆ ತಿಳಿದಿರಲಿಲ್ಲ. ವ್ಯಾಪಾರದ ಪತ್ರಿಕೆಗಳಲ್ಲಿ ಒಳ್ಳೆಯ ವಿಮರ್ಶೆಗಳು ಬಂದುವು. ವಿಮರ್ಶೆಯನ್ನು ಓದಿ ಅಂಗಡಿಗೆ ಹೋದವನಿಗೆ ಮುದ್ರಿಕೆ ದೊರೆಯಲಿಲ್ಲ. ಅಷ್ಟರಲ್ಲಿ ಸ್ಟ್ಯಾಕ್ಸಿನವರು ತಮ್ಮ ವಿತರಣೆಯನ್ನೆಲ್ಲ 'ಕೊಲಂಬಿಯಾ' ಎಂಬ ದೊಡ್ಡ ಸಂಸ್ಥೆಗೆ ವಹಿಸಿದರು. ಕೊಲಂಬಿಯಾದವರು ಹಳೆಯ ಸ್ವತಂತ್ರ ವಿತರಕರ ಸಂಬಂಧವನ್ನು ಕಡಿದುಹಾಕಿದುದಲ್ಲದೆ ಅಂಗಡಿಗಳಲ್ಲಿದ್ದ ಅಷ್ಟಿಷ್ಟು ಪ್ರತಿಗಳನ್ನೂ ಹಿಂದಕ್ಕೆ ತೆಗೆದುಕೊಂಡರು. ಆ ಒಡಂಬಡಿಕೆಯನ್ನು ಮಾಡಿಸಿದ್ದ ಕ್ಲೈವ್ ಡೇವಿಸ್ ೧೯೭೩ರ ಮೇ ತಿಂಗಳಲ್ಲಿ ಕೊಲಂಬಿಯಾದಿಂದ ಹೊರಹಾಕಲ್ಪಟ್ಟನು; ಅಲ್ಲಿಂದ ಮುಂದೆ ಎರಡು ಸಂಸ್ಥೆಗಳಿಗೂ ವಿರಸ ಬೆಳೆಯಿತು; ೧೯೭೫ರ ಕೊನೆಗೆ ಸ್ಟ್ಯಾಕ್ಸ್ ದಿವಾಳಿಯಾಯಿತು. ಮೊದಲ ಸಂಕಲನವು ಆಗ ಹತ್ತು ಸಾವಿರ ಪ್ರತಿಗಳಷ್ಟೂ ಮಾರಾಟವಾಗಲಿಲ್ಲವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ಸಂಖ್ಯೆಯನ್ನು ಲೋಕದ ರುಚಿಗೆ ಅಳತೆಗೋಲಾಗಿ ಹಿಡಿಯುವುದು ತಪ್ಪು. ತಿರಸ್ಕರಿಸಬೇಕಾದರೆ ಮೊದಲು ಕೈಗೆ ಸಿಕ್ಕಬೇಕು. ಕೇಳದೆ ಇದ್ದವರು ಒಲ್ಲೆವೆಂದರೆಂದು ಬರೆಯುವುದು ಯಾವ ಚರಿತ್ರಕಾರನಿಗೂ ಶೋಭಿಸದು. ಈ ವೃಂದಕ್ಕೆ ಒದಗಿದುದು ಅರಸಿಕರ ತೀರ್ಪಲ್ಲ, ಸರಕುಸಾಗಣೆಯ ಅವ್ಯವಸ್ಥೆ.

ಬೆಲ್ ಈ ನಿರಾಶೆಯನ್ನು ತಾಳಲಾರದೆ ೧೯೭೨ರ ಕೊನೆಯಲ್ಲಿ ವೃಂದವನ್ನು ಬಿಟ್ಟನು. ವೃಂದವು ಅಲ್ಲಿಗೇ ಮುಗಿಯುವಂತಿದ್ದಿತು. ಮುಂದಿನ ಮೇ ತಿಂಗಳಿನಲ್ಲಿ ಮೆಂಫಿಸ್ಸಿನಲ್ಲಿ ರಾಕ್ ಸಂಗೀತದ ಲೇಖಕರ ಸಮ್ಮೇಳನವೊಂದು ಸೇರಿತು. ನೂರಕ್ಕೆ ಮೇಲ್ಪಟ್ಟು ಪತ್ರಿಕಾಬರಹಗಾರರು ಬಂದಿದ್ದರು. ಅವರ ಮುಂದೆ ಉಳಿದ ಮೂವರು ಹಾಡಿದರು. ಬರಹಗಾರರ ಉತ್ಸಾಹವನ್ನು ಕಂಡು ಮತ್ತೆ ಕೂಡಿದರು. ಬಿಗ್ ಸ್ಟಾರಿನ ಕೀರ್ತಿಯು ಶ್ರೋತೃಗಳಿಂದ ವಿಮರ್ಶಕರಿಗೆ ಏರಿದುದಲ್ಲ, ವಿಮರ್ಶಕರಿಂದ ಶ್ರೋತೃಗಳಿಗೆ ಇಳಿದುದು ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ಎರಡನೆಯ ಸಂಕಲನವೇ ಉಂಟಾಗಲು ವಿಮರ್ಶಕರು ಕಾರಣರು. ಅದರ ಗುಣವನ್ನು ಸಾರಿದವರೂ ಅವರೇ. ಹೀಗಿರುವಲ್ಲಿ ಅವರ ಬರಹವನ್ನು ತಟಸ್ಥಸಾಕ್ಷ್ಯವೆಂದು ಎಣಿಸುವಾಗ ಸ್ವಲ್ಪ ಎಚ್ಚರಿಕೆ ಬೇಕು.

ಆ ಎರಡನೆಯದು, 'ರೇಡಿಯೋ ಸಿಟಿ', ೧೯೭೪ರಲ್ಲಿ ಪ್ರಕಟವಾಯಿತು. ಅದರ ಮುಖಪುಟದಲ್ಲಿರುವುದು ಮೆಂಫಿಸ್ಸಿನ ಪ್ರಸಿದ್ಧ ಛಾಯಾಚಿತ್ರಕಾರ ವಿಲಿಯಮ್ ಎಗಲ್‌ಸ್ಟನ್ನನು ತೆಗೆದ ಕೆಂಪು ಮಾಳಿಗೆಯ ಚಿತ್ರ. ಬೆಲ್ಲನ ನಯವು ಇಲ್ಲಿ ಕಡಮೆಯಾಗಿದೆ. ಅದರ ಸ್ಥಾನದಲ್ಲಿ ಚಿಲ್ಟನ್ನನ ಮೊನಚಾದ ಗಿಟಾರೂ ಸ್ಟೀಫನ್ಸನ ಮದ್ದಳೆಯ ಬಿರುಸೂ ಬಂದಿವೆ. ಗೀತವು ಎಲ್ಲಿಯೋ ಕಾಲು ಜಾರಿತೆನ್ನುವಷ್ಟರಲ್ಲಿ ಲಯಕ್ಕೆ ಬಂದು ನಿಲ್ಲುವ ರೀತಿ ಇದರಲ್ಲಿ ಮೇಲಿಂದ ಮೇಲೆ ಕಾಣುತ್ತದೆ. 'ಸೆಪ್ಟೆಂಬರ್ ಗರ್ಲ್ಸ್' ಎಂಬ ಗೀತದಲ್ಲಿ ಆ ಅಳುಕೂ ಈ ಹಿಡಿತವೂ ಸರಿಸಮವಾಗಿ ಬೆರೆತಿವೆ. ಮೂರು ಸಂಕಲನಗಳಲ್ಲಿ ಶ್ರೇಷ್ಠವಾದುದು ಯಾವುದೆಂದರೆ ಇದನ್ನೇ ಹೇಳಬೇಕು. ಇದಕ್ಕೂ ಹಿಂದಿನ ಗತಿಯೇ ಆಯಿತು: ಸ್ಟ್ಯಾಕ್ಸಿನೊಡನೆ ಜಗಳವಾಡಿದ್ದ ಕೊಲಂಬಿಯಾದವರು ಇದನ್ನು ಹಂಚಲೊಲ್ಲದೆ ಹೋದರು. ಹಮ್ಮೆಲ್ ಸಂಗೀತವನ್ನು ಬಿಟ್ಟು ವಿದ್ಯಾಭ್ಯಾಸಕ್ಕೆ ಹಿಂದಿರುಗಿದನು.

ಮೂರನೆಯದನ್ನು ಸಂಕಲನವೆನ್ನಬೇಕೆ, ಕಟ್ಟದೆ ಬಿಟ್ಟ ಓಲೆಗಳ ಕಂತೆಯೆನ್ನಬೇಕೆ ಎಂಬುದೇ ಪ್ರಶ್ನೆ. ೧೯೭೪ರಲ್ಲಿ ಚಿಲ್ಟನ್ನೂ ಸ್ಟೀಫನ್ಸನೂ ಜಿಮ್ ಡಿಕಿನ್‌ಸನ್ನನ ನಿರ್ದೇಶನದಲ್ಲಿ, ಹೊರಗಿನ ಅನೇಕ ವಾದಕರೊಡನೆ, ಆರ್ಡೆಂಟಿನಲ್ಲಿಯೇ ಇದನ್ನು ಮುದ್ರಿಸಿದರು. ತಂತಿವಾದ್ಯಗಳ ಭಾಗಗಳನ್ನು ಕಾರ್ಲ್ ಮಾರ್ಷ್ ರಚಿಸಿದನು. ಮುದ್ರಣವನ್ನು ಕೊಳ್ಳುವವರಿಲ್ಲದೆ ಅದು ಹಾಗೆಯೇ ಬಿದ್ದಿದ್ದಿತು. ಕರ್ತೃವು ಒಪ್ಪಿದ ಹೆಸರಿಲ್ಲ. ಒಮ್ಮೆ 'ಥರ್ಡ್', ಒಮ್ಮೆ 'ಸಿಸ್ಟರ್ ಲವರ್ಸ್', ಒಮ್ಮೆ ಎರಡೂ. ಕರ್ತೃವು ಒಪ್ಪಿದ ಅನುಕ್ರಮವೂ ಇಲ್ಲ. ೧೯೭೮ರಲ್ಲಿ 'ಪಿವಿಸಿ' ಸಂಸ್ಥೆಯು ಅಮೆರಿಕದಲ್ಲಿ ಹೊರಡಿಸಿದ ಪ್ರತಿಯಲ್ಲಿ ೧೪ ಗೀತಗಳಿದ್ದು 'ಸ್ಟ್ರೋಕ್ ಇಟ್ ನೋಯೆಲ್' ಮೊದಲನೆಯದಾಗಿದೆ. ೧೯೯೨ರ 'ರೈಕೋಡಿಸ್ಕ್' ಪ್ರತಿಯಲ್ಲಿ ೧೯ ಗೀತಗಳಿದ್ದು 'ಕಿಜ್ಜಾ ಮಿ' ಎಂಬುದು ಮೊದಲಿಗೆ ಬಂದಿದೆ. ವಯೊಲಿನ್ನಿನ ಮೃದುವಾದ ಅಲೆಯಿಂದ ತೊಡಗುವ ಸಂಕಲನವೂ, ಒರಟಾದ ಗದ್ದಲದಿಂದ ತೊಡಗುವ ಸಂಕಲನವೂ ಒಂದೇ ಕೃತಿಯೆಂದು ಹೇಳುವುದು ಹೇಗೆ? ಗ್ರಂಥಸಂಪಾದನೆಯಲ್ಲಿ ಪಳಗಿದವರಿಗೆ ಇದು ಪರಿಚಿತವಾದ ತೊಡಕು. ಮೂಲಪ್ರತಿಯೇ ಇಲ್ಲದಿರುವಾಗ ಶುದ್ಧಪಾಠವೆಂಬುದು ಸಂಪಾದಕನ ಊಹೆ. ಹೀಗಿದ್ದರೂ ವಿಮರ್ಶಕರು ಈ ಅನುಕ್ರಮದಲ್ಲಿ ಒಂದು ಮನಸ್ಸಿನ ಕ್ರಮಬದ್ಧವಾದ ಪತನವನ್ನು ಕಂಡು ವ್ಯಾಖ್ಯಾನಿಸಿದ್ದಾರೆ. ಅವರು ವ್ಯಾಖ್ಯಾನಿಸಿದುದು ಚಿಲ್ಟನ್ನನ ಮನಸ್ಸನ್ನಲ್ಲ, ಜೋಡಿಸಿದವರ ಕೈವಾಡವನ್ನು. ಬಿಡಿಬಿಡಿಯಾಗಿ ನೋಡಿದರೆ 'ಹೋಲೋಕಾಸ್ಟ್', 'ಕ್ಯಾಂಗರೂ', 'ಬಿಗ್ ಬ್ಲ್ಯಾಕ್ ಕಾರ್' ಎಂಬುವು ನಿಜವಾಗಿಯೂ ಅಸಾಧಾರಣವಾದುವು. ಮೌನವನ್ನು ವಾದ್ಯದಂತೆ ಬಳಸಿಕೊಂಡ ಗೀತಗಳು. ಕೆಲವು ಮಿಕ್ಕ ತುಣುಕುಗಳು ಮಾತ್ರ ಬರಿಯ ಆಟ; ಅವನ್ನು ಬೇರೆ ಯಾರಾದರೂ ಮಾಡಿದ್ದರೆ ಇಷ್ಟು ಗೌರವ ದೊರೆಯುತ್ತಿರಲಿಲ್ಲ.

ಕೀರ್ತಿಯು ಹಬ್ಬಿದ ದಾರಿ ಸಂಕ್ಷೇಪವಾಗಿ ಹೀಗಿದೆ. ೧೯೭೮ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಎರಡು ಸಂಕಲನಗಳು ಒಟ್ಟಾಗಿ ಮರುಮುದ್ರಣಗೊಂಡುವು. ೧೯೮೪ರಲ್ಲಿ 'ದಿಸ್ ಮಾರ್ಟಲ್ ಕಾಯಿಲ್' ಎಂಬ ಬ್ರಿಟಿಷ್ ತಂಡವು ಮೂರನೆಯ ಸಂಕಲನದ ಎರಡು ಗೀತಗಳನ್ನೂ, ೧೯೮೬ರಲ್ಲಿ 'ಬ್ಯಾಂಗಲ್ಸ್' ತಂಡವು 'ಸೆಪ್ಟೆಂಬರ್ ಗರ್ಲ್ಸ್' ಗೀತವನ್ನೂ ಹಾಡಿದರು. ೧೯೮೭ರಲ್ಲಿ 'ರಿಪ್ಲೇಸ್‌ಮೆಂಟ್ಸ್' ವೃಂದದವರು ಚಿಲ್ಟನ್ನನ ಹೆಸರನ್ನೇ ಒಂದು ಗೀತಕ್ಕೆ ಇಟ್ಟರು. ೧೯೯೩ರ ಏಪ್ರಿಲಿನಲ್ಲಿ ಮಿಸ್ಸೌರಿ ವಿಶ್ವವಿದ್ಯಾನಿಲಯದಲ್ಲಿ ಚಿಲ್ಟನ್ನೂ ಸ್ಟೀಫನ್ಸನೂ 'ಪೋಸೀಸ್' ವೃಂದದ ಇಬ್ಬರೊಡನೆ ಸೇರಿ ಹಾಡಿದರು. ಚಿಲ್ಟನ್ ೨೦೧೦ರ ಮಾರ್ಚಿ ೧೭ರಂದೂ ಹಮ್ಮೆಲ್ ಅದೇ ವರ್ಷದ ಜುಲೈಯಲ್ಲಿಯೂ ತೀರಿಕೊಂಡರು. ಈ ನಡುವೆ 'ರೋಲಿಂಗ್ ಸ್ಟೋನ್' ಪತ್ರಿಕೆಯವರು ೨೦೦೩ರಲ್ಲಿ ಪ್ರಕಟಿಸಿದ ೫೦೦ ಶ್ರೇಷ್ಠ ಸಂಕಲನಗಳ ಪಟ್ಟಿಯಲ್ಲಿ ಮೂರೂ ಸೇರಿದ್ದುವು: 'ರೇಡಿಯೋ ಸಿಟಿ' ೪೦೩ನೆಯದು, ಮೊದಲನೆಯ ಸಂಕಲನ ೪೩೮ನೆಯದು, 'ಥರ್ಡ್' ೪೫೬ನೆಯದು. ೨೦೨೦ರ ಪಟ್ಟಿಯಲ್ಲಿ 'ಥರ್ಡ್' ೨೮೫ಕ್ಕೆ ಏರಿದೆ, 'ರೇಡಿಯೋ ಸಿಟಿ' ೩೫೯ರಲ್ಲಿದೆ, ಮೊದಲನೆಯದು ೪೭೪ಕ್ಕೆ ಇಳಿದಿದೆ. ಇಂಥ ಪಟ್ಟಿಗಳಿಗೆ ವಿಮರ್ಶೆಯ ಬೆಲೆಯಿಲ್ಲ. ಆದರೆ ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ಅವು ತೋರಿಸುತ್ತವೆ. ಕೊನೆಯಲ್ಲಿದ್ದುದು ಮೊದಲಾಯಿತು, ಬೆಲ್ಲನ ಕೆಲಸವಿರುವ ಒಂದೇ ಪೂರ್ಣ ಸಂಕಲನವು ಹಿಂದೆ ಬಿದ್ದಿತು.

ಭಗ್ನತೆಯ ಕಥೆಗೆ ಸರಿಯಾದ ಉತ್ತರವು ಅದರ ಭಕ್ತರು ಹೊರತಂದ ಸಾಮಗ್ರಿಯಲ್ಲಿಯೇ ಇದೆ. ೨೦೧೬ರ 'ಕಂಪ್ಲೀಟ್ ಥರ್ಡ್' ಎಂಬ ಮೂರು ಮುದ್ರಿಕೆಗಳ ಸಂಪುಟದಲ್ಲಿ ೬೯ ಭಾಗಗಳಿವೆ. ಅವುಗಳಲ್ಲಿ ಚಿಲ್ಟನ್ ಪ್ರಾರಂಭದಲ್ಲಿ ಒಬ್ಬನೇ ಕುಳಿತು ಗಿಟಾರಿನೊಡನೆ ಹಾಡಿದ ಕರಡುಗಳಿವೆ. ಆ ಕರಡುಗಳು ಅಚ್ಚುಕಟ್ಟಾಗಿವೆ: ಶ್ರುತಿ ಸರಿಯಾಗಿದೆ, ಪದಗಳು ನೆಲೆಗೊಂಡಿವೆ, ಗೀತಗಳಿಗೆ ಆದಿ ಅಂತ್ಯಗಳಿವೆ. ಬಿರುಕುಗಳೂ ಅಪಸ್ವರಗಳೂ ಆಮೇಲೆ ಧ್ವನಿಮುದ್ರಣಶಾಲೆಯಲ್ಲಿ, ಡಿಕಿನ್‌ಸನ್ನನ ಸಹಾಯದಿಂದ, ಬೇಕೆಂದು ಮಾಡಿದುವು. ಆದುದರಿಂದ ಅದು ಕುಸಿದುಬಿದ್ದ ಮನೆಯಲ್ಲ. ಗೋಡೆಗಳನ್ನು ಅರಿತು ಕೆಡವಿದ ಮನೆ. ಹಾಗೆ ಕೆಡವಿದುದು ಒಳಿತಾಯಿತೆ ಎಂಬ ಪ್ರಶ್ನೆಯನ್ನು ಗೀತಗೀತಕ್ಕೆ ಬೇರೆಯಾಗಿ ಕೇಳಬೇಕೇ ಹೊರತು ಕರ್ತೃವಿನ ದುಃಖವನ್ನು ತೋರಿಸಿ ಮುಚ್ಚಿಹಾಕಬಾರದು.

ಬೆಲ್ಲನು ವೃಂದವನ್ನು ಬಿಟ್ಟ ಮೇಲೆ ಮಾಡಿದ ಮುದ್ರಣಗಳಲ್ಲಿ ಅವನ ಜೀವಿತಕಾಲದಲ್ಲಿ ಹೊರಬಂದುದು ಎರಡೇ ಗೀತಗಳ ಒಂದು ಸಣ್ಣ ಮುದ್ರಿಕೆ: ೧೯೭೮ರ 'ಐ ಆಮ್ ದಿ ಕಾಸ್ಮಾಸ್', ಅದರ ಮಗ್ಗುಲಿಗೆ 'ಯು ಅಂಡ್ ಯುವರ್ ಸಿಸ್ಟರ್'. ಎರಡನೆಯದರಲ್ಲಿ ಹಿನ್ನೆಲೆಯಾಗಿ ಹಾಡಿರುವವನು ಚಿಲ್ಟನ್. ಆ ವರ್ಷದ ಡಿಸೆಂಬರ್ ೨೭ರಂದು ಬೆಲ್ ತನ್ನ ೨೭ನೆಯ ವಯಸ್ಸಿನಲ್ಲಿ ಮೋಟಾರು ಅಪಘಾತದಲ್ಲಿ ಮಡಿದನು. ಉಳಿದ ಮುದ್ರಣಗಳು ಸಂಕಲನವಾಗಿ ಪ್ರಕಟವಾದುದು ೧೯೯೨ರಲ್ಲಿ. ಬಿಗ್ ಸ್ಟಾರಿನ ಮೊದಲ ಸಂಕಲನದಲ್ಲಿ ಯಾವ ಪದರವು ಯಾರ ಕೈಯದೆಂದು ತಿಳಿಯಬೇಕಾದವರು ಇವನ್ನು ಅದರ ಪಕ್ಕದಲ್ಲಿಟ್ಟು ಕೇಳತಕ್ಕದ್ದು. ಗಿಟಾರಿನ ನಾದವನ್ನು ಒಂದರ ಮೇಲೊಂದಾಗಿ ಪೇರಿಸುವ ಅದೇ ಬಗೆ, ಕಂಠವು ಮೇಲಣ ಸ್ಥಾಯಿಯಲ್ಲಿ ಒಡೆಯುವ ಅದೇ ಅಂಚು ಎರಡರಲ್ಲಿಯೂ ಕೇಳಿಬರುತ್ತದೆ; 'ರೇಡಿಯೋ ಸಿಟಿ'ಯ ಬಹುಭಾಗದಲ್ಲಿ ಅದು ಇಲ್ಲ.