ಬಳೆಯೋ, ಬಲೆಯೋ?

ಊರು ಬಿಟ್ಟ ಕನ್ನಡಿಗರಿಗೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ತೊಡಕು ಹೊಸದಲ್ಲ. ಒಂದು ಯಂತ್ರದಲ್ಲಿ ಬೆರಳಚ್ಚಾದ ಕಾಗದವನ್ನು ಇನ್ನೊಂದರಲ್ಲಿ ತೆರೆದರೆ ರೋಮನ್ ಅಕ್ಷರಗಳ ಸಂತೆ! ಯೂನಿಕೋಡ್ ಬಳಕೆಗೆ ಬಂದ ಮೇಲೆ ಆ ಕಾಟ ತಗ್ಗಿತು. ಉಳಿದದ್ದು ಕೀಲಿಮಣೆಯ ಪ್ರಶ್ನೆ.

ಒಮ್ಮೆ ಮುಂಬಯಿಯ ಟಾಟಾ ಪ್ರೆಸ್ಸಿನಲ್ಲಿದ್ದ ಕೆ. ಪಿ. ರಾಯರ ವಿನ್ಯಾಸ ('ನುಡಿ'ಯದೂ ಅದನ್ನೇ ಆಧರಿಸಿದ್ದು) ಕನ್ನಡದ ಒಳಗಿನಿಂದ ಹೊರಟದ್ದು. 'ಕೆ' ಒತ್ತಿದರೆ ಪೂರ್ತಿ ಕ. ಒತ್ತಕ್ಷರ ಬೇಕಾದರೆ ನಡುವೆ 'ಎಫ್'. ಕಾಗುಣಿತ ಬಲ್ಲವರ ಕೈಗೆ ಇದು ಬೇಗನೆ ಒಗ್ಗುತ್ತದೆ. 1998ರಲ್ಲಿ ಬಂದ ಶೇಷಾದ್ರಿವಾಸು ಅವರ 'ಬರಹ' ಬೇರೆ ದಾರಿ ಹಿಡಿಯಿತು. ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರಾಯಿತು. ಆದರೂ ಎರಡರಲ್ಲೂ ಒಂದು ಶಿಸ್ತಿತ್ತು. ಲ ಬೇಕಾದರೆ ಚಿಕ್ಕ 'ಎಲ್', ಳ ಬೇಕಾದರೆ ದೊಡ್ಡದು. ಯಾವುದೆಂದು ಬರೆಯುವವರಿಗೆ ತಿಳಿದಿರಲೇಬೇಕು.

ಪದವನ್ನು ತಾನೇ ಊಹಿಸುವ ಇಂದಿನ ಮೊಬೈಲು ಆ ಶ್ರಮವನ್ನೂ ತೆಗೆದಿದೆ. 'ಬಿ-ಎ-ಎಲ್-ಇ' ಒತ್ತಿರಿ, ಬಲೆ, ಬಳೆ, ಬಾಲೆ, ಬಾಳೆಗಳಲ್ಲಿ ತನಗೆ ತೋಚಿದ್ದನ್ನು ಮುಂದಿಡುತ್ತದೆ. ಓದಬಲ್ಲ ಅಜ್ಜಿಗೆ ಇದು ವರವೇ ಸರಿ. ಆದರೆ ಪುಣೆಯಲ್ಲೋ ದೆಹಲಿಯಲ್ಲೋ ಬೆಳೆದು, ಮಾತು ಬಂದರೂ ಅಕ್ಷರ ಬಾರದ ಮೊಮ್ಮಗಳಿಗೆ? ಅವಳು ಮೊದಲು ಕಂಡದ್ದನ್ನೇ ಒತ್ತುತ್ತಾಳೆ. ಊರಿನಿಂದ ಬಳೆ ತರಲು ಬರೆದದ್ದು ಬಲೆ ತರಲು ಆಗುತ್ತದೆ. ತಪ್ಪೆಂದು ಅವಳಿಗೆ ತಿಳಿಯುವುದೂ ಇಲ್ಲ.

ಪಟ್ಟಿಯ ಪದವನ್ನು ಮುಟ್ಟಿದೊಡನೆ ಅದನ್ನು ಗಟ್ಟಿಯಾಗಿ ಓದಿ ಹೇಳಿದರೆ, ಕಿವಿಯಲ್ಲಿರುವ ಕನ್ನಡ ಮೆಲ್ಲಗೆ ಕಣ್ಣಿಗೂ ದಾಟೀತು. ಕನ್ನಡ ಓದುವ ದನಿ ಯಂತ್ರಕ್ಕೆ ಈಗಾಗಲೇ ಬಂದಿದೆ. ಈ ಹುಡುಗಿಯೂ ತಮ್ಮ ಗಿರಾಕಿಯೆಂದು ತಯಾರಕರು ಎಣಿಸಿದಂತಿಲ್ಲ.